ಹಸಿರು ಚೌಕ

"ಗೋಡೆ ಎಲ್ಲಿ ಹೋಯ್ತು ಸ್ವಾಮಿ?"

ನಕ್ಷೆಗಳನ್ನು ಪರಿಶೀಲಿಸುವ ಅವಳು ಕೇಳಿದ ರೀತಿಗೆ ಇಡೀ ಡ್ರಾಯಿಂಗ್ ಆಫೀಸು ತಲೆಯೆತ್ತಿ ನೋಡಿತು. ಕಂಪ್ಯೂಟರಿನಲ್ಲಿದ್ದ ಲೈಬ್ರರಿಯ ನಕ್ಷೆಯಲ್ಲಿ ಬೇಡದ ನಾಲ್ಕು ಕುರ್ಚಿ ತೆಗೆಯಿರಿ ಎಂದರೆ, ಹೊಸದಾಗಿ ಸೇರಿದ ಡ್ರಾಫ್ಟ್ಸ್‌ಮನ್ ಹಿಂದಿನ ಗೋಡೆಯನ್ನೂ ಅಳಿಸಿ ಕೂತಿದ್ದ. ಬಾಗಿಲೊಂದು ಮಾತ್ರ ದಿಕ್ಕಿಲ್ಲದೆ ನಿಂತಿತ್ತು.

"ನಾನು ಕುರ್ಚಿ ಮಾತ್ರ ಸೆಲೆಕ್ಟ್ ಮಾಡಿದ್ದು ಮೇಡಂ."

"ಎಲ್ಲಿ, ಇನ್ನೊಂದ್ಸಲ ಮಾಡಿ, ನೋಡೋಣ."

ಅವನು ಎಡಗೈಯಲ್ಲಿ ಮೌಸ್ ಹಿಡಿದು ಬಲದಿಂದ ಎಡಕ್ಕೆ ಎಳೆದ. ಹಸಿರು ಚೌಕ ಬಿಚ್ಚಿಕೊಂಡಿತು. ತಪ್ಪು ಎಲ್ಲಾಗುತ್ತಿದೆ ಎಂದು ಅವಳಿಗೆ ಗೊತ್ತಾಯಿತು.

"ಎಡದಿಂದ ಬಲಕ್ಕೆ ಎಳೀರಿ, ನೀಲಿ ಚೌಕ ಬರುತ್ತೆ. ಪೂರ್ತಿ ಒಳಗಿದ್ದದ್ದನ್ನ ಮಾತ್ರ ಹಿಡಿಯುತ್ತೆ. ನಿಮ್ಮ ಹಸಿರಿಗೆ ಚೂರು ತಾಗಿದ್ರೂ ಸಾಕು, ಎಲ್ಲಾ ಸೇರಿಸ್ಕೊಳ್ಳುತ್ತೆ. ಏನಾದ್ರೂ ಹಿಗ್ಗಿಸೋವಾಗ ಮಾತ್ರ ಹಸಿರು ಬೇಕು."

"ಹತ್ತು ವರ್ಷ ಪೆನ್ಸಿಲ್ ಹಿಡಿದವನು ನಾನು. ಎಡಚರು ಬಲಗಡೆಯಿಂದಲೇ ಶುರು ಮಾಡ್ಬೇಕು. ಇಲ್ದಿದ್ರೆ ಬರೆದದ್ದನ್ನೆಲ್ಲ ನಮ್ಮ ಕೈಯೇ ಒರೆಸಿಬಿಡುತ್ತೆ."

ಬೈಯಲು ಬಂದವಳು ನಕ್ಕುಬಿಟ್ಟಳು. ಅವನ ಕಿವಿ ಕೆಂಪಾಯಿತು.

ಅಂದಿನಿಂದ ಅವನ ಪಕ್ಕದ ಕುರ್ಚಿ ಅವಳದೇ ಆಯಿತು. ಅವನು ಬೇಕಂತಲೇ ತಪ್ಪು ಮಾಡುವುದು, ಓರೆಗಣ್ಣಿನಲ್ಲಿ ಅವಳನ್ನು ನೋಡುವುದು, "ನೀಲಿ ರೀ, ನೀಲಿ!" ಎಂದು ಅವಳು ಗದರುವುದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಗೊತ್ತಾಗದೆ ಇರುತ್ತದೆಯೇ? ಆಫೀಸಿಗೆಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿತ್ತು, ಅದಕ್ಕೇ ಭಯ.

ತಾಯಿಯಿಲ್ಲದ ಅವಳನ್ನು ಹೊಲಿಗೆ ಮೆಷಿನ್ ತುಳಿದು ಸಾಕಿದವರು ಚಿಕ್ಕಮ್ಮ. ಅವರನ್ನು ಬಿಟ್ಟು ಬರುವುದಿಲ್ಲ ಎಂದದ್ದಕ್ಕೆ ಎರಡು ಸಂಬಂಧಗಳು ಕಾಫಿ ಆರುವ ಮೊದಲೇ ಎದ್ದು ಹೋಗಿದ್ದವು. ಆಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಇವನು ಎದ್ದು ಹೋದರೆ ಮಾತ್ರ ತಡೆದುಕೊಳ್ಳಲಾರಳು.

ಶನಿವಾರ ಮಧ್ಯಾಹ್ನ ಅವನು ಒಂದು ನಕ್ಷೆ ತೆರೆದ. ಪುಟ್ಟ ಮನೆ. ಹಜಾರ, ಅಡುಗೆಮನೆ, ಒಂದೇ ಒಂದು ಕೋಣೆ.

"ಇದು ನನ್ನ ಸೈಟಿಗೆ," ಎಂದ. "ನೀವು ಒಪ್ಪಿದ್ರೆ, ನಮ್ಮಿಬ್ಬರಿಗೆ."

ಎಷ್ಟು ದಿನದಿಂದ ಕಾದಿದ್ದ ಮಾತು! ಆದರೂ ಅವಳ ಕಣ್ಣು ಆ ಒಂದೇ ಕೋಣೆಯ ಮೇಲೆ ನಿಂತಿತು.

"ನನ್ನ ಜೊತೆ ಚಿಕ್ಕಮ್ಮನೂ ಬರ್ತಾರೆ," ಎಂದಳು. "ಅವರ ಮೆಷಿನ್ನೂ ಬರುತ್ತೆ. ದಿನವಿಡೀ ಅದರ ಕಟಕಟ ಇರುತ್ತೆ."

ಅವನು ನಕ್ಷೆಯತ್ತ ತಿರುಗಿ ಆ ಕೋಣೆಯ ಅಳತೆ ನೋಡಿದ.

"ಮೆಷಿನ್ ಇಟ್ಟು, ಮಂಚ ಹಾಕೋಕೆ ಹತ್ತಡಿ ಸಾಕಾ?"

ಅವಳು ಹೂಂ ಎಂದು ತಲೆಯಾಡಿಸಿದಳು. ಅವನು ಮೌಸ್ ಹಿಡಿದು, ತನ್ನ ಹಳೇ ಚಾಳಿಯಂತೆ, ಬಲದಿಂದ ಎಡಕ್ಕೆ ಎಳೆದ. ಹಸಿರು ಚೌಕ ಮನೆಯ ಅಂಚಿಗೆ ತಾಗಿತು. ಒಂದು ಕ್ಲಿಕ್, ಮನೆ ಹತ್ತಡಿ ಹಿಗ್ಗಿತು. ಈ ಸಲ ಅವಳು ಗದರಲಿಲ್ಲ, ಕಣ್ಣೊರೆಸಿಕೊಂಡಳು.

"ಕಿಟಕಿ ದೊಡ್ಡದಿರಲಿ. ಸೂಜಿಗೆ ದಾರ ಪೋಣಿಸೋಕೆ ಅವರಿಗೆ ಬೆಳಕು ಬೇಕು."

"ಅಂದ್ರೆ... ಒಪ್ಪಿಗೇನಾ?"

"ಮೊದಲು ಸೇವ್ ಮಾಡಿ," ಎಂದಳು, ಅವನ ಎಡಗೈಯ ಮೇಲೆ ತನ್ನ ಕೈಯಿಟ್ಟು. "ಸಂಜೆ ಚಿಕ್ಕಮ್ಮನಿಗೆ ತೋರಿಸೋಣ."