ಕಪ್ಪು ಇಂಕಿನ ಸಂಕ್ರಾಂತಿ ಕಾರ್ಡು

ಅಂಗಡಿಯ ಬಾಗಿಲಲ್ಲಿ ಸದಾನಂದ ನಿಂತಿದ್ದ. ಅಂಬವ್ವನನ್ನು ಕಂಡವನೇ ಗೋಡೆಗೆ ಕೈ ಊರಿದ. ಮುಖದಲ್ಲಿ ರಕ್ತವೇ ಇರಲಿಲ್ಲ.

ಅವಳು ತಲೆ ತಗ್ಗಿಸಿ ರಬ್ಬರ್ ಸ್ಟಾಂಪನ್ನು ಇಂಕ್ ಪ್ಯಾಡಿಗೆ ಒತ್ತಿದಳು. ಕಾರ್ಡಿನ ಮೇಲೊಂದು ಹೂ ಮೂಡಿತು. ಇನ್ನೊಂದು ಒತ್ತಿದಳು. ಸಿಟ್ಟು ಬರಬೇಕಿತ್ತು… ಬರಲಿಲ್ಲ. ಸಂಕ್ರಾಂತಿಯಿಂದ ಅವಳಿಗೆ ಏನೂ ಬರುತ್ತಿರಲಿಲ್ಲ, ಅಳು ಕೂಡ.

೧೯೫೪ನೆಯ ಇಸವಿ. ಪರೇಲಿನ ಈ ಅಂಗಡಿಯಲ್ಲಿ ಬೆಳಗಾವಿ ಕಡೆಯ ಅಂಬವ್ವ ಆಫೀಸುಗಳಿಗೆ ಸ್ಟಾಂಪು ಕೊರೆಯುತ್ತಿದ್ದಳು, ಹಬ್ಬ ಬಂದರೆ ಕಾರ್ಡು ಮಾಡುತ್ತಿದ್ದಳು. ಸದಾನಂದ ಮೈಸೂರು ಕಡೆಯ ಗುಮಾಸ್ತ. ಆಫೀಸಿನ ಸವೆದ ಸ್ಟಾಂಪು ಹಿಡಿದು ಬಂದವನು, ಆಮೇಲೆ ಸವೆಯದ ಸ್ಟಾಂಪುಗಳನ್ನೂ ಹಿಡಿದು ಬರತೊಡಗಿದ. ಪಾಪ, ನೆಪಕ್ಕೆ ಬರವೇ?

ಅವನಿಗೆಂದೇ ಅವಳು ಸಂಕ್ರಾಂತಿಗೆ ಒಂದು ಕಾರ್ಡು ಮಾಡಿದಳು. ಅವಳಿದ್ದ ಚಾಳಿನ ಮರಾಠಿ ಹೆಂಗಸರು ಆ ಹಬ್ಬಕ್ಕೆ ಕಪ್ಪು ಸೀರೆಯೇ ಉಡುವವರು. ಅದಕ್ಕೇ ಕಪ್ಪು ಇಂಕಿನಲ್ಲಿ ಎಳ್ಳಿನ ಹೂ ಒತ್ತಿ, ನಾಚಿಕೆಗೆ ಬೇರೇನೂ ಬರೆಯದೆ, ನಡುವೆ ತನ್ನ ಹೆಸರೊಂದನ್ನೇ ಒತ್ತಿದಳು.

ಸಯನ್ನಿನಲ್ಲಿದ್ದ ಅವನ ಮನೆಗೆ ತಾನೇ ಹೋದಳು. ಬಾಗಿಲು ತೆರೆದವರು ಅವನ ತಾಯಿ ಸುಬ್ಬಲಕ್ಷ್ಮಿ.

"ಸದಾನಂದ ಅವ್ರಿಗೆ ಕೊಡ್ರಿ… ಅಂಬವ್ವಂದು" ಎಂದಷ್ಟೇ ಹೇಳಿ ಇಳಿದುಬಿಟ್ಟಳು.

ಮೆಟ್ಟಿಲ ತಿರುವಿನಲ್ಲಿ ಹೊರಳಿ ನೋಡಿದರೆ, ಆಕೆ ಹೊಸ್ತಿಲ ಹೊರಗೇ ನಿಂತು ಕಾರ್ಡನ್ನು ಹರಿದು ಬಿಸಾಡುತ್ತಿದ್ದರು.

ಅಲ್ಲಿಗೆ ಮುಗಿಯಿತು ಅಂದುಕೊಂಡಳು. ಅವನೂ ಮತ್ತೆ ಅಂಗಡಿ ಕಡೆ ತಲೆ ಹಾಕಲಿಲ್ಲ.

ಇವತ್ತು ಬಂದಿದ್ದಾನೆ.

"ನೀವು… ಇದ್ದೀರಾ?" ಎಂದ ಸದಾನಂದ.

"ಇರದ ಎಲ್ಲಿಗೆ ಹೋಗ್ಲಿ? ಕಾರ್ಡ್ ಹರದು ಒಗದವ್ರು ನೀವು."

"ಅಮ್ಮ ಅದನ್ನ ಸಾವಿನ ಕಾಗದ ಅಂದ್ಕೊಂಡ್ರು. ನಮ್ಮ ಕಡೆ ಬರೀ ಕಪ್ಪಲ್ಲಿ ಬರೋದು ಅದೊಂದೇ. ಅಂಥದ್ದನ್ನ ಓದಿ ಬಾಗಿಲಲ್ಲೇ ಹರಿದುಬಿಡ್ತಾರೆ, ಒಳಗೆ ತರಲ್ಲ. ಅದರಲ್ಲಿ ನಿಮ್ಮ ಹೆಸರಿತ್ತು… ಅಂಬವ್ವ ಅನ್ನೋರು ಹೋದರಂತೆ, ಯಾರೋ ಹುಡುಗಿ ಬಂದು ತಿಳಿಸಿದಳು ಅಂದ್ರು."

ಸ್ಟಾಂಪು ಅವಳ ಕೈಯಲ್ಲೇ ನಿಂತಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ಇಲ್ಲಿ ಆತುರ ಮೂವರದೂ.

"ಮತ್ತ ಇವತ್ತ್ಯಾಕ ಬಂದ್ರಿ?"

"ಇಷ್ಟು ದಿನ ಈ ಕಡೆ ಬರೋಕೆ ಕಾಲೇ ಏಳಲಿಲ್ಲ. ನೀವು ಕೊರೆದ ಸ್ಟಾಂಪು ಒಂದಾದ್ರೂ ಕೊಡ್ತಾರಾ ಕೇಳೋಣ ಅಂತ ಬಂದೆ… ಇಟ್ಕೊಳ್ಳೋಕೆ."

ಅಂಬವ್ವನ ಎದೆಯಲ್ಲಿ ಏನೋ ನೋಯತೊಡಗಿತು. ಎಷ್ಟೋ ದಿನಗಳ ಮೇಲೆ ನೋವಾಗುತ್ತಿದೆ, ಆಗಲಿ ಎನಿಸಿತು.

"ನಾ ಸತ್ತೆ ಅಂದಾಗ ಏನ್ ಮಾಡಿದ್ರಿ?"

"ತಲೆ ಮೇಲೆ ನೀರು ಹಾಕ್ಕೊಂಡೆ. ಮನೆಯವರು ಹೋದ್ರೆ ತಾನೇ ಆ ಸ್ನಾನ, ಅವಳು ನಿನಗೇನಾಗಬೇಕು ಅಂತ ಅಮ್ಮ ಕೇಳಿದ್ರು."

"ಏನಂದ್ರಿ?"

"ನನ್ನವಳು ಅಂದೆ."

ಅವಳ ಕಣ್ಣು ತುಂಬಿ ಬಂತು. ತಡೆಯಲು ಹೋಗಲಿಲ್ಲ.

"ಅದನ್ನ ನಾ ಬದುಕಿದ್ದಾಗ ಹೇಳಬೇಕಿತ್ರಿ."

"ಈಗ ಹೇಳ್ತಿದ್ದೀನಿ… ಮನೆಗೆ ಬರ್ತೀರಾ?"

"ಬರ್ತೀನಿ. ಬಾಗ್ಲಾಗ ನಿಂದ್ರಸಬ್ಯಾಡ್ರಿ."

"ಇಲ್ಲ. ಒಳಗೆ ಕರ್ಕೊಂಡು ಹೋಗ್ತೀನಿ."