ಎದುರು ಗೋಡೆಯ ಬಾಗಿಲು

ಡಬ್ಲಿನ್ನಿನ ಹಳೆಯ ಮನೆಸಾಲೊಂದರಲ್ಲಿ, ತನ್ನ ಮನೆಯ ಮಹಡಿ ಕೋಣೆಯಲ್ಲಿ, ಹೊನೋರಿಯಾ ಡೆಂಪ್ಸಿ ಸತ್ತು ಬಿದ್ದಿದ್ದಳು. ತಲೆಗೆ ಪೆಟ್ಟು. ಪಕ್ಕದಲ್ಲೇ ಬೆಂಕಿ ಕೆದಕುವ ಸಲಾಕೆ.

ಸಾರ್ಜೆಂಟ್ ಟೀಲಿಂಗ್ ಬಂದಾಗಿನಿಂದ ಕೂತಿರಲಿಲ್ಲ. ಕೋಣೆಯ ಎದುರುಬದುರು ಗೋಡೆಗಳಲ್ಲಿ ಒಂದೇ ಅಚ್ಚಿನ ಎರಡು ಬಾಗಿಲು. ಒಂದು ಮೆಟ್ಟಿಲಿಗೆ ತೆರೆಯುತ್ತಿತ್ತು. ಇನ್ನೊಂದಕ್ಕೆ ಬೀಗ.

"ನಾನು ಒಳಗೆ ಕಾಲಿಡ್ತಿದ್ದ ಹಾಗೇ ಒಬ್ಬ ಆ ಬಾಗಿಲಿಂದ ನುಸುಳಿ ಬೀಗ ಹಾಕ್ಕೊಂಡ," ಎಂದ ಲೂಷಿಯಸ್, ಸತ್ತವಳ ಅಣ್ಣನ ಮಗ. "ಬೆನ್ನು ಮಾತ್ರ ಕಾಣಿಸ್ತು. ಆಚೆ ಆ ಪಿಟೀಲಿನವನ ಮನೆ. ಅತ್ತೆಗೂ ಅವನಿಗೂ ದಿನಾ ಜಗಳ."

ಜಗಳ ನಿಜವೆಂದು ಇಡೀ ಬೀದಿ ಹೇಳಿತು. ಮೇಲಧಿಕಾರಿಯ ಫೋನೂ ಬಂತು: ಸಂಜೆಯೊಳಗೆ ಪಿಟೀಲಿನವನು ಠಾಣೆಯಲ್ಲಿರಬೇಕು. ಟೀಲಿಂಗ್‌ಗೆ ಮಾತ್ರ ಏನೋ ಚಡಪಡಿಕೆ.

*

"ಬನ್ನಿ, ಮಂಚದ ಕೆಳಗೂ ನೋಡಿ! ಇನ್ನೆಷ್ಟು ಜನರನ್ನ ಕೊಂದು ಬಚ್ಚಿಟ್ಟಿದೀವೋ!" ಪಕ್ಕದ ಮನೆಯ ಅಟ್ರಾಕ್ಟಾ ಬಾಗಿಲಲ್ಲೇ ಸಿಡಿದಳು.

"ಸುಮ್ನಿರೇ," ಎಂದ ಗಂಡ ಬಾರ್ಟ್ಲಿ. "ಬೈದಾಡಿದ್ದು ನಿಜ ಸಾರ್. ನಾನು ಪಿಟೀಲು ನುಡಿಸಿದ್ರೆ ಬೆಕ್ಕಿನ ಬಾಲ ತುಳಿದ ಹಾಗಿರುತ್ತೆ ಅಂತಿದ್ಲು. ಆದ್ರೆ ಈ ಸಾಲು ಕೆಡವೋಕೆ ಬಂದ ಕಂಪನಿಗೆ ಮನೆ ಮಾರಲ್ಲ ಅಂತ ಹಟ ಹಿಡಿದಿದ್ದೂ ಅವಳೇ. ಅದ್ರಿಂದಲೇ ನಮ್ಮ ತಲೆ ಮೇಲೆ ಸೂರಿದೆ. ಅವಳನ್ನ ನಾನ್ಯಾಕೆ ಕೊಲ್ಲಲಿ?"

ಟೀಲಿಂಗ್ ಅವರ ಮಹಡಿಯ ಕೋಣೆಗೆ ಹೋಗಿ, ಎರಡು ಮನೆಗಳ ನಡುವಿನ ಗೋಡೆಗುಂಟ ಕಿಟಕಿಯಿಂದ ಅಳೆಯುತ್ತಾ ನಡೆದ. ಆ ಬಾಗಿಲು ತೆರೆದುಕೊಳ್ಳಬೇಕಾದ ಜಾಗಕ್ಕೆ ಬಂದು ನಿಂತ. ಅಲ್ಲಿ ಅಮೃತಶಿಲೆಯ ಅಗ್ಗಿಷ್ಟಿಕೆ. ಮನೆಯಷ್ಟೇ ಹಳೆಯದು. ಒಳಗೆ ಬೆಂಕಿ ಧಗಧಗ ಉರಿಯುತ್ತಿತ್ತು.

"ಇದನ್ನ ಯಾವಾಗ ಹಚ್ಚಿದ್ರಿ?"

"ಬೆಳಿಗ್ಗೆಯಿಂದ ಆರಿಲ್ಲ," ಎಂದಳು ಅಟ್ರಾಕ್ಟಾ. "ಒಳಗಿಳಿದು ಹುಡುಕ್ತೀರಾ?"

*

ಹೊನೋರಿಯಾಳ ಕೋಣೆಯಲ್ಲಿ ಬೀಗ ರಿಪೇರಿಯವನು ಬೀಗ ತಿರುಚಿದ. ಬಾಗಿಲು ಕಿರುಗುಟ್ಟಿ ತೆರೆಯಿತು. ಆಚೆ ಬರೀ ಇಟ್ಟಿಗೆ. ಮುಟ್ಟಿದರೆ ಬೆಚ್ಚಗಿತ್ತು.

ಲೂಷಿಯಸ್‌ನ ಮುಖ ಬಿಳಿಚಿತು.

"ಕಟ್ಟಿದವರಿಗೆ ಎಲ್ಲ ಜೋಡಿ ಜೋಡಿಯಾಗಿರಬೇಕಿತ್ತು," ಎಂದ ಟೀಲಿಂಗ್. "ಮೆಟ್ಟಿಲ ಬಾಗಿಲಿಗೆ ಜೊತೆ ಬೇಕಲ್ಲ, ಅಂದಕ್ಕೆ ಈ ಸುಳ್ಳು ಬಾಗಿಲು ಇಟ್ರು. ಇದರ ಹಿಂದಿರೋದು ಪಕ್ಕದ ಮನೆಯ ಹೊಗೆಗೂಡು. ನೀವು ಕಂಡ ಮನುಷ್ಯ ಇಟ್ಟಿಗೆ ತೂರಿ ಬೆಂಕಿಯೊಳಗೆ ನಡೆದುಹೋದನಾ?"

"ನಾನು... ಗಾಬರೀಲಿ..."

"ಹೊರಗೆ ಹೋಗೋಕೆ ಮೆಟ್ಟಿಲೊಂದೇ ದಾರಿ. ಕೆಳಗೆ ಬಾಗಿಲ ಹಿತ್ತಾಳೆ ಹಿಡಿ ಉಜ್ಜುತ್ತಿದ್ದ ಕೆಲಸದ ಬ್ರಿಜಿ ನಿಮ್ಮನ್ನ ಬಿಟ್ಟು ಇನ್ಯಾರನ್ನೂ ನೋಡಿಲ್ಲ. ಅತ್ತೆ ಮನೆ ಮಾರಲಿಲ್ಲ. ಅವಳು ಹೋದ್ರೆ ವಾರಸುದಾರ ನೀವೇ. ಕಂಪನಿ ಕಾಯ್ತಾ ಕೂತಿದೆ. ಸಲಾಕೆ ಕೈಗೆ ಸಿಕ್ತು. ಆಮೇಲೆ ತಪ್ಪು ಹೊರಿಸೋಕೆ ಪಕ್ಕದ ಬಡವ ಸಿಕ್ಕ."

ಲೂಷಿಯಸ್ ಕುರ್ಚಿಗೆ ಕುಸಿದ.

"ಚಿಕ್ಕಂದಿನಿಂದ ಬರ್ತಿದ್ದೀರಂತೆ ಈ ಮನೆಗೆ," ಎಂದ ಟೀಲಿಂಗ್. "ಒಂದು ಸಲಾನೂ ಈ ಬಾಗಿಲೇನು ಅಂತ ಕೇಳಲಿಲ್ವಾ?"

"ಪ್ರತಿ ಸಲವೂ ಕರೀತಿದ್ಲು. ಬಾರೋ, ಮನೆ ತೋರಿಸ್ತೀನಿ, ಈ ಬಾಗಿಲಿಂದೊಂದು ತಮಾಷೆ ಇದೆ ಅಂತ," ಎಂದ ಲೂಷಿಯಸ್. "ನಾನೇ ಹೋಗ್ಲಿಲ್ಲ."