ಆಯ್ತ್ ಬುಡಿ

"ನಿಜ ಹೇಳಿ... ನಾನು ನಿಮಗೆ ಇಷ್ಟಾನಾ?"

"ಆಯ್ತ್ ಬುಡಿ," ಎಂದಳು ಸುಚಿತ್ರಾ.

ವಿಜಯ್‌ಕುಮಾರ್ ಕಾಫಿ ಲೋಟ ಕೆಳಗಿಟ್ಟ. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಶ್ರೀರಾಂಪುರದ ಈ ಮನೆಗೆ ಹೆಣ್ಣು ನೋಡಲು ಒಬ್ಬನೇ ಬಂದಿದ್ದ. ಕರೆಸಿದ್ದು ಅವಳ ಅತ್ತೆ ಬೀರಮ್ಮ. ಮಗ ಲೋಕೇಶ್ ತೀರಿಕೊಂಡ ಮೇಲೆ ಸೊಸೆಗೆ ಮತ್ತೆ ಮದುವೆ ಮಾಡಲೇಬೇಕೆಂದು ಹಟ ಹಿಡಿದಿದ್ದವರು ಅವರೇ.

"ಇಷ್ಟಾನಾ ಅಂದ್ರೆ ಆಯ್ತ್ ಬುಡಿ ಅಂತೀರಲ್ಲ..."

"ಒಪ್ಕೊಂಡೆ ಅಂತಾನೇ ಕಣಪ್ಪ!" ಅಡುಗೆಮನೆಯಿಂದಲೇ ಬೀರಮ್ಮ ಕೂಗಿದರು. "ಇನ್ನೆಂಗ್ ಒಪ್ತಾರೆ, ತಮಟೆ ಹೊಡ್ಕೊಂಡಾ?"

'ಆಯ್ತ್ ಬುಡು' ಎನ್ನುವುದು ಲೋಕೇಶನ ಮಾತು. ಸಿನಿಮಾಕ್ಕೆ ಹೋಗೋಣವೇ ಎಂದರೆ 'ಆಯ್ತ್ ಬುಡು!' ಎನ್ನುತ್ತ ಆಗಲೇ ಚಪ್ಪಲಿ ಮೆಟ್ಟಿರುತ್ತಿದ್ದ. ಎಂ.ಎ. ಓದಿದ ಸುಚಿತ್ರಾ 'ಬುಡು ಅಲ್ಲ, ಬಿಡು' ಎಂದು ತಿದ್ದುತ್ತಿದ್ದಳು.

ಈಗ ಅವಳೇ ಹೇಳುತ್ತಾಳೆ. ಊಟಕ್ಕೆ, ಔಷಧಿಗೆ, ಮದುವೆಗೆ. ಹೇಳಿದರೆ ಜನ ಸುಮ್ಮನಾಗುತ್ತಾರೆ.

"ಬರ್ತೀನಮ್ಮ," ಎಂದು ವಿಜಯ್ ಎದ್ದು ಹೋದ.

ವಿಧವೆ ಎಂದು ಬೇಡವಾಯಿತೇನೋ... ಅವಳಿಗೆ ನೋವೂ ಆಗಲಿಲ್ಲ.

ಬೀರಮ್ಮ ಬಿಡಲಿಲ್ಲ. ಫೋನಿನಲ್ಲಿ ಬೈದು ಅವನನ್ನು ಮತ್ತೆ ಕರೆಸಿದರು.

"ನಾನು ಬೇಡ ಅಂದಿಲ್ಲಮ್ಮ," ಎಂದ ಅವನು ಬಾಗಿಲಲ್ಲೇ ನಿಂತು. "ಯಾರ್ ಬಂದು ಕೇಳಿದ್ರೂ ಇವರು ಹಂಗೇ ಅಂತಿದ್ರು. ಅದನ್ನ ಒಪ್ಪಿಗೆ ಅನ್ಕೊಂಡ್ರೆ ಪಾಪ ಬರುತ್ತೆ."

ಸುಚಿತ್ರಾ ಮೊದಲ ಸಲ ಅವನ ಮುಖ ನೋಡಿದಳು.

"ಅದೆಲ್ಲ ಸುಳ್ಳು!" ಎಂದು ಬೀರಮ್ಮ ರೇಗಿದರು. "ನನ್ ಭಾರನೂ ನಿನ್ ಮೇಲೆ ಬೀಳ್ತದೆ ಅಂತ ತಾನೆ? ಮದ್ವೆ ಆದ್ಮೇಲೆ ನಾನು ರಾಜೀವನಗರಕ್ಕೆ, ತಂಗಿ ಮನೆಗೆ ಹೊಂಟೋಯ್ತೀನಿ ಕಣಪ್ಪ. ಅಲ್ವೇನವ್ವ ಸುಚಿತ್ರಾ?"

"ಇಲ್ಲ."

"ಏನಂದೆ?"

"ಇಲ್ಲ ಅಂದೆ ಅತ್ತೆ! ನೀವೆಲ್ಲೂ ಹೋಗಲ್ಲ. ನಾನಿರೋ ಕಡೆ ನೀವಿರ್ತೀರಿ. ಲೋಕೇಶ್ ಫೋಟೋನೂ ಇರುತ್ತೆ. ಇವರಿಗೆ ಆಗಲ್ಲ ಅಂದ್ರೆ... ಹೋಗ್ಲಿ!"

ದನಿ ಒಡೆಯಿತು. ತನ್ನ ಕೆನ್ನೆ ಒದ್ದೆಯಾಗಿದ್ದು ಅವಳಿಗೆ ತಡವಾಗಿ ತಿಳಿಯಿತು.

ಬೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಫೋಟೋಗೆ ಮೊಳೆ ನಾನೇ ಹೊಡೀತೀನಿ," ಎಂದ ವಿಜಯ್ ಮೆಲ್ಲಗೆ. "ಅಮ್ಮನಿಗೆ ರೂಮೂ ಇದೆ. ಈಗ... ಇನ್ನೊಂದ್ಸಲ ಕೇಳ್ಲಾ?"

"ಇವತ್ತು ಬೇಡ."

"ಮತ್ತೆ?"

"ಭಾನುವಾರ ಬನ್ನಿ."

"ಅವತ್ತಾದ್ರೂ ಇಷ್ಟ ಅಂತೀರಾ?"

ಅವಳು ಕಣ್ಣೊರೆಸಿಕೊಂಡಳು.

"ಇಷ್ಟ ಇಲ್ದಿದ್ರೆ ಬನ್ನಿ ಅಂತಿದ್ನಾ?"